ಅಗ್ಗದ ಸ್ಟಿಕ್‌ನಲ್ಲಿ ನೇರ ಪಂದ್ಯ: ಕೇಬಲ್ ತೆಗೆಸುವ ಮೊದಲು

ಪ್ರಶ್ನೆ: ನಾವು ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದೇವೆ. ಮನೆಯಲ್ಲಿ ಎಂಟು ವರ್ಷ ಹಳೆಯ 32 ಇಂಚಿನ ಎಲ್‌ಇಡಿ ಟಿವಿ ಇದೆ. ಅದು ಸ್ಮಾರ್ಟ್ ಟಿವಿ ಅಲ್ಲ, ಆದರೆ ಹಿಂದುಗಡೆ ಎಚ್‌ಡಿಎಂಐ ಪೋರ್ಟ್ ಇದೆ. ಕೇಬಲ್‌ಗೆ ತಿಂಗಳಿಗೆ 400 ರೂಪಾಯಿ ಕಟ್ಟುತ್ತಿದ್ದೇವೆ. ವಯಸ್ಸಾದ ನಮ್ಮ ಮಾವನವರು ನೋಡುವುದು ಕ್ರಿಕೆಟ್ ಮತ್ತು ಕಬಡ್ಡಿ, ಅದೂ ಕನ್ನಡ ವೀಕ್ಷಕ ವಿವರಣೆ ಇದ್ದರೆ ಮಾತ್ರ. ಕಳೆದ ವರ್ಷ ಊರಿಗೆ ಫೈಬರ್ ಇಂಟರ್ನೆಟ್ ಬಂದಿತು. ನಮ್ಮದು 40 ಎಂಬಿಪಿಎಸ್ ವೇಗದ ಪ್ಲಾನ್. ಮಗ ಟಿವಿಗೆ ಇಂಟರ್ನೆಟ್ ಚಿತ್ರ ತೋರಿಸುವ ಒಂದು ಸ್ಟಿಕ್ ಹಾಕಿ ಕೇಬಲ್ ತೆಗೆಸೋಣ ಎನ್ನುತ್ತಾನೆ. ಪೇಟೆಯ ಅಂಗಡಿಯವರೊಬ್ಬರು 2,200 ರೂಪಾಯಿಗೆ ಒಂದು ಆಂಡ್ರಾಯ್ಡ್ ಬಾಕ್ಸ್ ತೋರಿಸಿ, ಇದರಲ್ಲಿ ಎಲ್ಲ ಸ್ಪೋರ್ಟ್ಸ್ ಚಾನೆಲ್‌ಗಳೂ ಜೀವಮಾನ ಪೂರ್ತಿ ಉಚಿತ ಎಂದರು. ಪಕ್ಕದ ಮನೆಯವರಂತೂ ಇದಾವುದೂ ಬೇಡ, ಪಂದ್ಯದ ನಡುವೆ ಚಕ್ರ ಸುತ್ತುತ್ತಾ ಕೂರುತ್ತದೆ, ಡೇಟಾ ಖಾಲಿಯಾಗುತ್ತದೆ, ವಿಕೆಟ್ ಬಿದ್ದದ್ದು ಊರಿಗೆಲ್ಲ ತಿಳಿದ ಮೇಲೆ ನಿಮಗೆ ತಿಳಿಯುತ್ತದೆ ಎಂದು ಎಚ್ಚರಿಸುತ್ತಾರೆ. ಯಾರ ಮಾತು ಕೇಳಬೇಕು? ಕೇಬಲ್ ತೆಗೆಸಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂವರ ಸಲಹೆ ಇದೆ. ಮಗನ ಸಲಹೆ ಸರಿಯಾಗಿದೆ, ಆದರೆ ಅವಸರದ್ದು. ಪಕ್ಕದ ಮನೆಯವರ ಎಚ್ಚರಿಕೆಯಲ್ಲಿ ಅರ್ಧ ನಿಜವಿದೆ, ಮತ್ತು ಅದರಲ್ಲಿ ಕೆಲವನ್ನು ಸರಿಪಡಿಸಬಹುದು. ಅಂಗಡಿಯವರು ತೋರಿಸಿದ ಬಾಕ್ಸನ್ನು ಮಾತ್ರ ದಯವಿಟ್ಟು ಮನೆಗೆ ತರಬೇಡಿ. ಕಾರಣಗಳನ್ನು ಮುಂದೆ ವಿವರವಾಗಿ ಬರೆದಿದ್ದೇನೆ. ನಿಮ್ಮ ನಿಜವಾದ ಆತಂಕ ಹಣ ಉಳಿಸುವ ಭರದಲ್ಲಿ ಮಾವನವರ ಪಂದ್ಯ ತಪ್ಪಿಹೋದೀತೇ ಎಂಬುದು ಎಂದು ನಾನು ತಿಳಿದುಕೊಂಡಿದ್ದೇನೆ. ಹಾಗಾಗಿ ಉತ್ತರವನ್ನೂ ಅವರ ಕುರ್ಚಿಯಿಂದಲೇ ನೋಡಿ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಸ್ಟಿಕ್ ತಾನಾಗಿ ಯಾವ ಪಂದ್ಯವನ್ನೂ ತರುವುದಿಲ್ಲ. ಅಮೆಜಾನ್ ಫೈರ್ ಟಿವಿ ಸ್ಟಿಕ್ ಇರಲಿ, ಶಿಯೋಮಿಯಂಥ ಕಂಪನಿಗಳ ಸ್ಟಿಕ್ ಇರಲಿ, ಅದರ ಕೆಲಸ ಇಂಟರ್ನೆಟ್‌ನಿಂದ ಬಂದ ಚಿತ್ರವನ್ನು ಟಿವಿಗೆ ಒಪ್ಪಿಸುವುದು ಮಾತ್ರ. ಪಂದ್ಯ ತೋರಿಸುವ ಹಕ್ಕು ಯಾರ ಬಳಿ ಇದೆಯೋ ಅವರ ಆ್ಯಪ್‌ಗೆ ಬೇರೆಯಾಗಿಯೇ ಚಂದಾ ಕಟ್ಟಬೇಕು. ಐಪಿಎಲ್‌ನ 2023ರಿಂದ 2027ರವರೆಗಿನ ಪ್ರಸಾರದ ಹಕ್ಕುಗಳು 2022ರಲ್ಲಿ 48,390 ಕೋಟಿ ರೂಪಾಯಿಗೆ ಹರಾಜಾದವು. ಅಷ್ಟು ಹಣ ಹೂಡಿದವರು ಅದನ್ನು ಜಾಹೀರಾತಿನಿಂದಲೋ ಚಂದಾದಿಂದಲೋ ಮರಳಿ ಪಡೆಯಲೇಬೇಕು. 2023 ಮತ್ತು 2024ರಲ್ಲಿ ಜಿಯೋಸಿನಿಮಾ ಐಪಿಎಲ್ಲನ್ನು ಉಚಿತವಾಗಿ ತೋರಿಸಿದ್ದರಿಂದ ಆ್ಯಪ್‌ನಲ್ಲಿ ಕ್ರಿಕೆಟ್ ಎಂದರೆ ಪುಕ್ಕಟೆ ಎಂಬ ಭಾವನೆ ಬಹಳ ಮನೆಗಳಲ್ಲಿ ಉಳಿದುಬಿಟ್ಟಿದೆ. 2025ರ ಫೆಬ್ರವರಿಯಲ್ಲಿ ಜಿಯೋಸಿನಿಮಾ ಮತ್ತು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಸೇರಿ ಜಿಯೋಹಾಟ್‌ಸ್ಟಾರ್ ಆದ ಮೇಲೆ ಆ ಕಾಲ ಮುಗಿಯಿತು.

ನಿಮ್ಮ ಮಾವನವರ ಮಟ್ಟಿಗೆ ಸಮಾಧಾನದ ಸಂಗತಿಯೆಂದರೆ, ಐಪಿಎಲ್, ಭಾರತ ತಂಡ ತವರಿನಲ್ಲಿ ಆಡುವ ಪಂದ್ಯಗಳು ಮತ್ತು ಪ್ರೊ ಕಬಡ್ಡಿ ಸದ್ಯ ಇದೊಂದೇ ಆ್ಯಪ್‌ನಲ್ಲಿ ಸಿಗುತ್ತವೆ. ತಂಡ ವಿದೇಶಕ್ಕೆ ಹೋದಾಗ ಮಾತ್ರ ಲೆಕ್ಕ ತಪ್ಪುತ್ತದೆ. 2025ರ ಇಂಗ್ಲೆಂಡ್ ಪ್ರವಾಸದ ಟೆಸ್ಟ್‌ಗಳು ಟಿವಿಯಲ್ಲಿ ಸೋನಿಯಲ್ಲೂ ಇಂಟರ್ನೆಟ್‌ನಲ್ಲಿ ಜಿಯೋಹಾಟ್‌ಸ್ಟಾರ್‌ನಲ್ಲೂ ಬಂದವು. ಅದೇ ವರ್ಷದ ಏಷ್ಯಾ ಕಪ್‌ಗೆ ಸೋನಿ ಲಿವ್ ಬೇಕಾಯಿತು. ಆದ್ದರಿಂದ ವರ್ಷದ ಚಂದಾ ಕಟ್ಟುವ ಮೊದಲು ಮುಂದಿನ ಆರು ತಿಂಗಳ ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡು, ಯಾವ ಸರಣಿ ಯಾವ ಆ್ಯಪ್‌ನಲ್ಲಿದೆ ಎಂದು ಮಗನಿಂದ ನೋಡಿಸಿ. ಇನ್ನೊಂದು ವಿಷಯ: ಮೊಬೈಲ್‌ಗೆಂದೇ ಇರುವ ಕಡಿಮೆ ಬೆಲೆಯ ಚಂದಾ ಟಿವಿಯಲ್ಲಿ ನಡೆಯುವುದಿಲ್ಲ. ಫೋನ್ ರೀಚಾರ್ಜ್ ಜತೆ ಬರುವ ಚಂದಾಗಳಲ್ಲೂ ಕೆಲವು ಮೊಬೈಲ್‌ಗಷ್ಟೇ ಸೀಮಿತ. ಸ್ಟಿಕ್ ತಂದು ಜೋಡಿಸಿದ ಮೇಲೆ ಇದು ತಿಳಿದು ಬೇಸರಪಟ್ಟವರನ್ನು ನಾನು ಎಷ್ಟೋ ಮಂದಿ ನೋಡಿದ್ದೇನೆ.

ಇನ್ನು ಪಕ್ಕದ ಮನೆಯವರು ಹೇಳಿದ ಸುತ್ತುವ ಚಕ್ರದ ವಿಷಯ. ಸಿನಿಮಾ ಸರಾಗವಾಗಿ ಓಡುವ ಮನೆಯಲ್ಲೇ ಪಂದ್ಯ ತಡವರಿಸುವುದುಂಟು, ಮತ್ತು ಜನ ಕೂಡಲೇ ಸ್ಟಿಕ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕಾರಣ ಬೇರೆ ಇದೆ. ಸಿನಿಮಾ ನೋಡುವಾಗ ಆ್ಯಪ್ ಮುಂದಿನ ಕೆಲವು ನಿಮಿಷಗಳ ಚಿತ್ರವನ್ನು ಮೊದಲೇ ಇಳಿಸಿ ಇಟ್ಟುಕೊಂಡಿರುತ್ತದೆ. ನಡುವೆ ಅರ್ಧ ನಿಮಿಷ ಇಂಟರ್ನೆಟ್ ಕುಂಟಿದರೂ ನೋಡುವವರಿಗೆ ಗೊತ್ತಾಗುವುದಿಲ್ಲ. ಪಂದ್ಯದಲ್ಲಿ ಆ ಅನುಕೂಲವಿಲ್ಲ, ಏಕೆಂದರೆ ಬೌಲರ್ ಇನ್ನೂ ಎಸೆಯದ ಚೆಂಡನ್ನು ಮುಂಚಿತವಾಗಿ ಇಳಿಸಿಕೊಳ್ಳಲು ಬರುವುದಿಲ್ಲ. ನೇರ ಪ್ರಸಾರದಲ್ಲಿ ಕೈಯಲ್ಲಿರುವ ದಾಸ್ತಾನು ಕೆಲವೇ ಸೆಕೆಂಡುಗಳದ್ದು. ಅದಕ್ಕಿಂತ ಹೆಚ್ಚು ಹೊತ್ತು ಸಂಪರ್ಕ ಸೊರಗಿದರೆ ಮೊದಲು ಚಿತ್ರ ಮಸುಕಾಗುತ್ತದೆ, ಆಮೇಲೆ ನಿಲ್ಲುತ್ತದೆ. ಹೀಗಾಗಿ ಪಂದ್ಯಕ್ಕೆ ಬೇಕಾದದ್ದು ಭಾರೀ ವೇಗಕ್ಕಿಂತ ಹೆಚ್ಚಾಗಿ ಏರಿಳಿತವಿಲ್ಲದ ಸಂಪರ್ಕ. ಎಚ್‌ಡಿ ಗುಣಮಟ್ಟಕ್ಕೆ 6ರಿಂದ 8 ಎಂಬಿಪಿಎಸ್ ಸಾಕು. ನಿಮ್ಮ 40ರ ಪ್ಲಾನ್ ಕಾಗದದ ಮೇಲೆ ಧಾರಾಳವಾಗಿಯೇ ಇದೆ.

ಕಾಗದದ ಮೇಲಿನ 40 ರಾತ್ರಿ ಎಂಟು ಗಂಟೆಗೆ ಟಿವಿಯ ಹಿಂಭಾಗದಲ್ಲಿ ಎಷ್ಟಾಗಿ ಉಳಿಯುತ್ತದೆ ಎಂಬುದೇ ಪ್ರಶ್ನೆ. ತೆಂಗಿನ ತೋಟದಲ್ಲಿ ಮೋಟಾರು ಎಷ್ಟೇ ಜೋರಾಗಿದ್ದರೂ ಎಲ್ಲ ಗೇಟ್‌ವಾಲ್ವ್‌ಗಳನ್ನೂ ಒಟ್ಟಿಗೆ ತಿರುಗಿಸಿದರೆ ಕೊನೆಯ ಸಾಲಿನ ಮರಗಳಿಗೆ ನೀರು ಹೋಗುವುದಿಲ್ಲವಷ್ಟೆ. ಸಂಜೆ ಊರಿನವರೆಲ್ಲ ಒಟ್ಟಿಗೆ ಇಂಟರ್ನೆಟ್ ಬಳಸುವಾಗ ಸ್ಥಳೀಯ ಆಪರೇಟರ್‌ನ ಲೈನಿನಲ್ಲೂ ಹೀಗೇ ಆಗಬಹುದು. ಪರೀಕ್ಷಿಸುವುದು ಸುಲಭ. ರಾತ್ರಿ ಏಳೂವರೆಯಿಂದ ಹತ್ತರೊಳಗೆ, ಮನೆಯ ಉಳಿದ ಫೋನ್‌ಗಳು ಎಂದಿನಂತೆ ನಡೆಯುತ್ತಿರುವಾಗಲೇ, ಟಿವಿಯ ಪಕ್ಕ ನಿಂತು ವೈ-ಫೈಗೆ ಜೋಡಿಸಿದ ಫೋನಿನಲ್ಲಿ ವೇಗ ಪರೀಕ್ಷೆ ಮಾಡಿ. ಒಂದು ವಾರದಲ್ಲಿ ನಾಲ್ಕಾರು ಸಲ ಮಾಡಿ, ಬಂದ ಅಂಕಿಗಳಲ್ಲಿ ಅತಿ ಹೆಚ್ಚಿನದನ್ನು ಬಿಟ್ಟು ಅತಿ ಕಡಿಮೆಯದನ್ನು ಬರೆದಿಟ್ಟುಕೊಳ್ಳಿ. ಆ ಕಡಿಮೆ ಅಂಕಿ 10ಕ್ಕಿಂತ ಮೇಲಿದ್ದರೆ ಧೈರ್ಯವಾಗಿ ಮುಂದುವರಿಯಬಹುದು. 5ಕ್ಕಿಂತ ಕೆಳಗಿದ್ದರೆ, ರೌಟರ್ ಪಕ್ಕದಲ್ಲೇ ನಿಂತು ಮತ್ತೊಮ್ಮೆ ನೋಡಿ. ಅಲ್ಲಿ ಚೆನ್ನಾಗಿದ್ದು ಟಿವಿಯ ಬಳಿ ಕುಸಿದರೆ ದೋಷ ಮನೆಯೊಳಗಿನ ವೈ-ಫೈದು. ಅಲ್ಲಿಯೂ ಕಡಿಮೆಯಿದ್ದರೆ ಆಪರೇಟರ್‌ಗೆ ದೂರು ಕೊಡಬೇಕು, ಸ್ಟಿಕ್ ಬದಲಿಸಿ ಪ್ರಯೋಜನವಿಲ್ಲ.

ಮನೆಯೊಳಗಿನ ದೋಷಗಳಿಗೆ ಪರಿಹಾರ ಹೆಚ್ಚಾಗಿ ಅಗ್ಗ. ಹಳೆಯ ಮನೆಗಳ ದಪ್ಪ ಗೋಡೆಯನ್ನು 5 ಗಿಗಾಹರ್ಟ್ಸ್ ವೈ-ಫೈ ದಾಟುವುದು ಕಷ್ಟ, 2.4 ಗಿಗಾಹರ್ಟ್ಸ್ ದಾಟುತ್ತದೆ, ಆದರೆ ನಿಧಾನ. ಸಾಧ್ಯವಾದರೆ ರೌಟರನ್ನೇ ಟಿವಿ ಇರುವ ಕೋಣೆಗೆ ತನ್ನಿ. ಸ್ಟಿಕ್ಕನ್ನು ಟಿವಿಯ ಹಿಂದೆ ನೇರವಾಗಿ ಚುಚ್ಚಿದರೆ ಟಿವಿಯ ಒಳಗಿನ ಲೋಹದ ಭಾಗಗಳು ಸಿಗ್ನಲ್ಲಿಗೆ ಅಡ್ಡ ಬರುತ್ತವೆ. ಕೆಲವು ಸ್ಟಿಕ್‌ಗಳ ಪೆಟ್ಟಿಗೆಯಲ್ಲಿ ಬರುವ ಗಿಡ್ಡ ಎಚ್‌ಡಿಎಂಐ ಎಕ್ಸ್‌ಟೆಂಡರ್ ಇರುವುದೇ ಅದಕ್ಕಾಗಿ, ಅದನ್ನು ಬಿಸಾಡಬೇಡಿ. ಎಲ್ಲಕ್ಕಿಂತ ಭದ್ರವಾದದ್ದು ರೌಟರಿನಿಂದ ತಂತಿ ಎಳೆದು, ಸ್ಟಿಕ್‌ಗೆ ಹೊಂದುವ ಲ್ಯಾನ್ ಅಡಾಪ್ಟರ್ ಹಾಕುವುದು. ವಿದ್ಯುತ್ತಿನ ವಿಷಯದಲ್ಲೂ ಒಂದು ಎಚ್ಚರ ಬೇಕು. ಹಳೆಯ ಟಿವಿಗಳ ಯುಎಸ್‌ಬಿ ಪೋರ್ಟ್ ಸಾಮಾನ್ಯವಾಗಿ ಅರ್ಧ ಆಂಪಿಯರ್ ಮಾತ್ರ ಕೊಡುತ್ತದೆ, ಸ್ಟಿಕ್‌ಗೆ ಬೇಕಾದದ್ದು ಒಂದು ಆಂಪಿಯರಿನಷ್ಟು. ಟಿವಿಯಿಂದಲೇ ವಿದ್ಯುತ್ ಕೊಟ್ಟರೆ ಸ್ಟಿಕ್ ಪಂದ್ಯದ ನಡುವೆ ತಾನಾಗಿ ಆಫ್ ಆಗಿ ಆನ್ ಆಗುತ್ತಿರುತ್ತದೆ. ಅದರ ಜತೆ ಬಂದ ಅಡಾಪ್ಟರನ್ನೇ ಗೋಡೆಯ ಪ್ಲಗ್ಗಿಗೆ ಹಾಕಿ. ಮನೆಯಲ್ಲಿ ಯುಪಿಎಸ್ ಇದ್ದರೆ ಟಿವಿಯ ಜತೆಗೆ ರೌಟರ್ ಮತ್ತು ಫೈಬರ್ ಬಾಕ್ಸಿನ ಪ್ಲಗ್ಗುಗಳನ್ನೂ ಅದಕ್ಕೇ ಕೊಡಿಸಿ. ಕರೆಂಟ್ ಹೋದಾಗ ಟಿವಿ ಉರಿಯುತ್ತಿದ್ದು ಪಂದ್ಯ ಮಾತ್ರ ನಿಂತುಹೋಯಿತು ಎಂಬ ದೂರುಗಳ ಹಿಂದೆ ಸಾಮಾನ್ಯವಾಗಿ ಇದೊಂದೇ ಕಾರಣವಿರುತ್ತದೆ.

ವಿಕೆಟ್ ಬಿದ್ದದ್ದು ತಡವಾಗಿ ಕಾಣುತ್ತದೆ ಎಂಬ ಮಾತು ಪೂರ್ತಿ ನಿಜ, ಮತ್ತು ಅದನ್ನು ಮನೆಯಲ್ಲಿ ಸರಿಪಡಿಸಲು ಬರುವುದಿಲ್ಲ. ಕೇಬಲ್ಲಿನ ಚಿತ್ರವೂ ಮೈದಾನಕ್ಕಿಂತ ಕೆಲವು ಸೆಕೆಂಡು ಹಿಂದೆಯೇ ಇರುತ್ತದೆ. ಇಂಟರ್ನೆಟ್ಟಿನಲ್ಲಿ ಚಿತ್ರವನ್ನು ಹಲವು ಗುಣಮಟ್ಟಗಳಿಗೆ ಬದಲಿಸಿ, ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಊರೂರಿನ ಸರ್ವರ್‌ಗಳಿಗೆ ಹಂಚಿ, ನಿಮ್ಮ ಸ್ಟಿಕ್ ಅಂಥ ಕೆಲವು ತುಣುಕುಗಳನ್ನು ಕೂಡಿಹಾಕಿದ ಮೇಲೆ ತೋರಿಸಬೇಕಾಗುತ್ತದೆ. 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ನಡೆದ ವಿಶ್ವಕಪ್ ಫೈನಲನ್ನು ಒಂದು ಹಂತದಲ್ಲಿ ಏಕಕಾಲಕ್ಕೆ 5.9 ಕೋಟಿ ಮಂದಿ ಹಾಟ್‌ಸ್ಟಾರಿನಲ್ಲಿ ನೋಡುತ್ತಿದ್ದರು. ಅಷ್ಟು ಜನರಿಗೆ ಕಡಿಯದೆ ಚಿತ್ರ ತಲುಪಿಸಲು ಈ ತಡವನ್ನು ಒಪ್ಪಿಕೊಳ್ಳಲೇಬೇಕಾಗುತ್ತದೆ. ಕೇಬಲ್ಲಿಗಿಂತ ಅರ್ಧ ನಿಮಿಷದಷ್ಟು ಹಿಂದೆ ಬೀಳುವುದು ಸಾಮಾನ್ಯ. ಪಕ್ಕದ ಮನೆಯ ಕೂಗು ಮೊದಲು ಕೇಳಿದರೆ ಮಾವನವರಿಗೆ ರಸಭಂಗವಾಗುತ್ತದೆಯೇ ಎಂದು ಅವರನ್ನೇ ಕೇಳಿ. ಕೆಲವರಿಗೆ ಇದು ಏನೂ ಅಲ್ಲ, ಕೆಲವರಿಗೆ ಸಹಿಸಲಾಗದ ಸಂಗತಿ. ಈ ಕಾರಣವೊಂದಕ್ಕೇ ಕೇಬಲ್ ಉಳಿಸಿಕೊಂಡವರ ತೀರ್ಮಾನವನ್ನು ನಾನು ತಪ್ಪೆನ್ನುವುದಿಲ್ಲ.

ಡೇಟಾ ಖಾಲಿಯಾಗುವ ಭಯ ಮೊಬೈಲ್ ಹಾಟ್‌ಸ್ಪಾಟ್ ಬಳಸುವವರದ್ದು, ನಿಮ್ಮದಲ್ಲ. 6 ಎಂಬಿಪಿಎಸ್ ಲೆಕ್ಕದಲ್ಲಿ ಗಂಟೆಗೆ 2.7 ಜಿಬಿ ಆಗುತ್ತದೆ. ನಾಲ್ಕು ಗಂಟೆಯ ಟಿ20 ಪಂದ್ಯಕ್ಕೆ ಸುಮಾರು 11 ಜಿಬಿ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಲಾನಿನಲ್ಲಿ ಪವರ್‌ಪ್ಲೇ ಮುಗಿದು ಸ್ವಲ್ಪ ಹೊತ್ತಿಗೇ ಡೇಟಾ ಮುಗಿಯುತ್ತದೆ. ಫೈಬರ್ ಪ್ಲಾನ್‌ಗಳಲ್ಲಿ ಹಲವಕ್ಕೆ ತಿಂಗಳಿಗೆ 3,300 ಜಿಬಿಯಷ್ಟು ಮಿತಿ ಇರುತ್ತದೆ; ದಿನಕ್ಕೊಂದು ಪಂದ್ಯ ನೋಡಿದರೂ ಅದರ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿರುತ್ತೀರಿ. ಸ್ಥಳೀಯ ಆಪರೇಟರ್‌ಗಳ ಕೆಲವು ಪ್ಲಾನ್‌ಗಳಲ್ಲಿ ಮಿತಿ ಇದಕ್ಕಿಂತ ಬಹಳ ಕಡಿಮೆ ಇರುವುದರಿಂದ ನಿಮ್ಮದನ್ನು ಒಮ್ಮೆ ಕೇಳಿ ತಿಳಿದುಕೊಳ್ಳಿ.

ನಿಮ್ಮ ಟಿವಿಯ ಗಾತ್ರವೂ ಇಲ್ಲಿ ಅನುಕೂಲಕರವಾಗಿದೆ. ಆ ಕಾಲದ 32 ಇಂಚಿನ ಟಿವಿಗಳಲ್ಲಿ ಬಹುಪಾಲು ಎಚ್‌ಡಿ ರೆಡಿ (ಸುಮಾರು 720 ಸಾಲುಗಳ ಚಿತ್ರ) ಎನ್ನುವ ಮಟ್ಟದವು. ಅದರ ಮೇಲೆ 720ಪಿ ಗುಣಮಟ್ಟ ಸ್ಪಷ್ಟವಾಗಿಯೇ ಕಾಣುತ್ತದೆ, 4ಕೆ ಚಿತ್ರದಿಂದ ಹೆಚ್ಚಿಗೆ ಏನೂ ಸಿಗುವುದಿಲ್ಲ. ಹಾಗಿದ್ದೂ ಹಣ ಹೊಂದುವುದಾದರೆ 4ಕೆ ಸ್ಟಿಕ್ ಕೊಳ್ಳಿ ಎಂದೇ ಹೇಳುತ್ತೇನೆ. ಅಗ್ಗದ ಮಾದರಿಗಳಲ್ಲಿ ಸಾಮಾನ್ಯವಾಗಿ 1 ಜಿಬಿ ಮೆಮೊರಿ ಇರುತ್ತದೆ, 4ಕೆ ಮಾದರಿಗಳಲ್ಲಿ ಹೆಚ್ಚಾಗಿ 2 ಜಿಬಿ ಇರುತ್ತದೆ. ವರ್ಷದಿಂದ ವರ್ಷಕ್ಕೆ ಆ್ಯಪ್‌ಗಳು ಭಾರವಾಗುತ್ತಿರುವುದರಿಂದ ಮೂರನೆಯ ವರ್ಷದಲ್ಲಿ ಆ ವ್ಯತ್ಯಾಸ ಅನುಭವಕ್ಕೆ ಬರುತ್ತದೆ. ಜೋಡಿಸಿದ ಮೇಲೆ ಚೆಂಡು ಬೌಂಡರಿಯತ್ತ ಓಡುವಾಗ ಚಿತ್ರ ಸಣ್ಣಗೆ ಜಗ್ಗಿದಂತೆ ಕಂಡರೆ ಅದು ಇಂಟರ್ನೆಟ್ಟಿನ ದೋಷವಲ್ಲ. ನಮ್ಮಲ್ಲಿ ಪಂದ್ಯದ ಪ್ರಸಾರ ಸೆಕೆಂಡಿಗೆ 50 ಚಿತ್ರಗಳ ಲೆಕ್ಕದ್ದು, ಸ್ಟಿಕ್ ಟಿವಿಗೆ ಕಳಿಸುವುದು ಸಾಮಾನ್ಯವಾಗಿ 60ರ ಲೆಕ್ಕದಲ್ಲಿ. ಸ್ಟಿಕ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಫ್ರೇಮ್ ರೇಟ್ ಹೊಂದಿಸುವ ಆಯ್ಕೆಯನ್ನು ಆನ್ ಮಾಡಿ. ಅದಕ್ಕೆ ಆ್ಯಪ್ ಸ್ಪಂದಿಸದಿದ್ದರೆ ಡಿಸ್‌ಪ್ಲೇಯನ್ನೇ 50 ಹರ್ಟ್ಸ್‌ಗೆ ಇಡಬಹುದು.

ಈಗ ಅಂಗಡಿಯವರ ಬಾಕ್ಸ್‌ಗೆ ಬರುತ್ತೇನೆ. ಈ ವಿಷಯದಲ್ಲಿ ನಾನು ಮೃದುವಾಗಿ ಮಾತನಾಡಲಾರೆ, ಏಕೆಂದರೆ ಇದರಿಂದ ತೊಂದರೆಗೊಳಗಾಗುವವರು ಬಹುತೇಕ ತಿಳಿಯದೆ ಕೊಂಡ ಮನೆಗಳವರು. ಎಲ್ಲ ಚಾನೆಲ್ ಉಚಿತ ಎನ್ನುವ ಬಾಕ್ಸ್‌ಗಳಲ್ಲಿ ಬರುವುದು ಕದ್ದು ಮರುಪ್ರಸಾರ ಮಾಡಿದ ಚಿತ್ರ. ಕೃತಿಸ್ವಾಮ್ಯ ಕಾಯ್ದೆಯ 37ನೇ ಕಲಮು ಪ್ರಸಾರಕರಿಗೆ ತಮ್ಮ ಪ್ರಸಾರದ ಮೇಲೆ ಪ್ರತ್ಯೇಕ ಹಕ್ಕನ್ನು ಕೊಟ್ಟಿದೆ. ಅದರ ಆಧಾರದ ಮೇಲೆ ದೊಡ್ಡ ಟೂರ್ನಿಗಳ ಸಮಯದಲ್ಲಿ ಪ್ರಸಾರಕರು ದೆಹಲಿ ಹೈಕೋರ್ಟಿನಿಂದ ಆದೇಶ ಪಡೆದು ಇಂಥ ತಾಣಗಳನ್ನು, ಹೊಸದಾಗಿ ಹುಟ್ಟಿಕೊಂಡವನ್ನೂ ಸೇರಿಸಿ, ತಡೆಹಿಡಿಸುತ್ತಾರೆ. ಕ್ರಮ ಸಾಮಾನ್ಯವಾಗಿ ಹಂಚುವವರ ಮೇಲೆ ನಡೆಯುತ್ತದೆ; ಆದರೆ ಚಿತ್ರ ನಿಲ್ಲುವುದು ನಿಮ್ಮ ಮನೆಯಲ್ಲಿ, ಅದೂ ಹೆಚ್ಚು ಬೇಕಾದ ದಿನಗಳಲ್ಲೇ. ಜೀವಮಾನದ ಭರವಸೆ ಕೊಟ್ಟವರ ಬಳಿ ಆಗ ಕೇಳಲು ಒಂದು ಬಿಲ್ಲೂ ಇರುವುದಿಲ್ಲ.

ಅದಕ್ಕಿಂತ ಗಂಭೀರವಾದದ್ದು ಬಾಕ್ಸಿನ ಒಳಗಿರುವ ತಂತ್ರಾಂಶ. ಗೂಗಲ್‌ನ ಪ್ರಮಾಣೀಕರಣ ಪಡೆದ ಆಂಡ್ರಾಯ್ಡ್ ಟಿವಿ ಬೇರೆ, ಆಂಡ್ರಾಯ್ಡ್‌ನ ಬಿಡಿ ಆವೃತ್ತಿಯನ್ನು ಯಾರೋ ತುಂಬಿಸಿ ಕಳಿಸಿದ ಹೆಸರಿಲ್ಲದ ಬಾಕ್ಸ್ ಬೇರೆ. ಎರಡನೆಯ ಬಗೆಯ ಅಗ್ಗದ ಬಾಕ್ಸ್‌ಗಳಲ್ಲಿ ದುಷ್ಟ ತಂತ್ರಾಂಶ ಮೊದಲೇ ಸೇರಿಕೊಂಡಿರುವುದು ಮತ್ತೆ ಮತ್ತೆ ಬಯಲಾಗಿದೆ. 2024ರ ಸೆಪ್ಟೆಂಬರಿನಲ್ಲಿ ಡಾಕ್ಟರ್ ವೆಬ್ ಎಂಬ ಭದ್ರತಾ ಸಂಸ್ಥೆ ಸುಮಾರು 13 ಲಕ್ಷ ಟಿವಿ ಬಾಕ್ಸ್‌ಗಳು ಒಂದೇ ದುಷ್ಟ ತಂತ್ರಾಂಶಕ್ಕೆ ಸಿಕ್ಕಿರುವುದನ್ನು ವರದಿ ಮಾಡಿತು. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ, ಇಂಥ ಸೋಂಕಿತ ಸಾಧನಗಳ ‘ಬ್ಯಾಡ್‌ಬಾಕ್ಸ್ 2.0’ ಎಂಬ ಜಾಲದ ಬಗ್ಗೆ ಸಾರ್ವಜನಿಕರನ್ನು ಎಚ್ಚರಿಸಿತು. ಮರುತಿಂಗಳು ಅದನ್ನು ನಡೆಸುವವರ ವಿರುದ್ಧ ಗೂಗಲ್ ನ್ಯಾಯಾಲಯಕ್ಕೆ ಹೋದಾಗ ಸೋಂಕು ತಗಲಿದ ಪ್ರಮಾಣೀಕರಣವಿಲ್ಲದ ಸಾಧನಗಳ ಸಂಖ್ಯೆ ಒಂದು ಕೋಟಿಗೂ ಹೆಚ್ಚು ಎಂದು ಹೇಳಿತು. ಇಂಥ ಬಾಕ್ಸ್ ನಿಮ್ಮ ಇಂಟರ್ನೆಟ್ ಲೈನನ್ನು ನಿಮಗೆ ಗೊತ್ತಿಲ್ಲದಂತೆ ಅಪರಿಚಿತರಿಗೆ ಬಾಡಿಗೆಗೆ ಕೊಡುತ್ತದೆ. ಅವರು ಮಾಡುವ ವಂಚನೆಯ ಜಾಡು ಹಿಡಿದು ಹೋದರೆ ಸಿಗುವುದು ನಿಮ್ಮ ಮನೆಯ ವಿಳಾಸ. ಅದೇ ವೈ-ಫೈನಲ್ಲಿ ನಿಮ್ಮ ಬ್ಯಾಂಕಿನ ಆ್ಯಪ್ ಇರುವ ಫೋನ್‌ಗಳೂ ಇರುತ್ತವೆ.

ಆ ಬಾಕ್ಸ್ ಕೊಂಡು, ಕಳ್ಳ ಆ್ಯಪ್‌ಗಳನ್ನು ತೆಗೆದುಹಾಕಿ, ಅದರಲ್ಲೇ ಪ್ರಾಮಾಣಿಕವಾಗಿ ಚಂದಾ ಕಟ್ಟಿ ನೋಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಅದರಿಂದಲೂ ಪ್ರಯೋಜನವಿಲ್ಲ. ಚಂದಾ ಆ್ಯಪ್‌ಗಳು ಚಿತ್ರವನ್ನು ವೈಡ್‌ವೈನ್ ಎಂಬ ಬೀಗ ಹಾಕಿ ಕಳಿಸುತ್ತವೆ. ಪ್ರಮಾಣೀಕೃತ ಸಾಧನಗಳಲ್ಲಿ ಅದರ ಅತಿ ಭದ್ರವಾದ ಎಲ್1 ಹಂತವಿರುತ್ತದೆ, ಹೆಸರಿಲ್ಲದ ಬಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ಕಡಿಮೆ ಭದ್ರತೆಯ ಎಲ್3. ಎಲ್3 ಕಂಡಲ್ಲಿ ಆ್ಯಪ್ ಎಚ್‌ಡಿ ಕೊಡದೆ ಕಡಿಮೆ ಗುಣಮಟ್ಟದ ಚಿತ್ರವನ್ನಷ್ಟೇ ಕೊಡುತ್ತದೆ. ಪೂರ್ತಿ ಹಣ ಕಟ್ಟಿ ಮಸುಕು ಚಿತ್ರ ನೋಡಬೇಕಾಗುತ್ತದೆ. ದುಷ್ಟ ತಂತ್ರಾಂಶವಂತೂ ಬಾಕ್ಸಿನ ಬುಡದಲ್ಲೇ ಕೂತಿರುವುದರಿಂದ ಆ್ಯಪ್‌ಗಳನ್ನು ಅಳಿಸಿದರೂ ಹೋಗುವುದಿಲ್ಲ.

ಕೊಳ್ಳುವಾಗ ಹೆಸರಾಂತ ಕಂಪನಿಯ ಸ್ಟಿಕ್ಕನ್ನು ಬಿಲ್ ಸಮೇತ ಕೊಳ್ಳಿ. 2,500ರಿಂದ 6,000 ರೂಪಾಯಿಯೊಳಗೆ ಸಿಗುತ್ತದೆ. ಅಡಾಪ್ಟರ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಮತ್ತು ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನಿಜವೇ ಎಂದು ನೋಡಬಹುದು. ಮೊದಲ ಬಾರಿ ಆನ್ ಮಾಡಿದಾಗ ಯಾವುದೋ ಗುರುತಿಲ್ಲದ ಆ್ಯಪ್ ಅಂಗಡಿ ತೆರೆದುಕೊಂಡರೆ, ಅಥವಾ ಗೂಗಲ್‌ನ ಸುರಕ್ಷತಾ ಕಾವಲಾದ ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ ಎಂದು ಕೇಳಿದರೆ, ಅಲ್ಲಿಗೇ ನಿಲ್ಲಿಸಿ ಹಿಂದಿರುಗಿಸಿ.

ಕೇಬಲ್ ತೆಗೆಸುವ ಪ್ರಶ್ನೆಗೆ ಉತ್ತರ ಮಾವನವರೊಬ್ಬರ ಮೇಲೆ ನಿಂತಿಲ್ಲ. ಮನೆಯಲ್ಲಿ ಧಾರಾವಾಹಿ ನೋಡುವವರೂ ಇದ್ದರೆ ಲೆಕ್ಕ ಬದಲಾಗುತ್ತದೆ. ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಜಿಯೋಹಾಟ್‌ಸ್ಟಾರಿನಲ್ಲಿ ಸಿಗುತ್ತವೆ. ಜೀ ಕನ್ನಡಕ್ಕೆ ಜೀ5, ಉದಯಕ್ಕೆ ಸನ್ ನೆಕ್ಸ್ಟ್ ಬೇಕು. ಮೂರು ಚಂದಾ ಸೇರಿಸಿದರೆ ನೀವು ವರ್ಷಕ್ಕೆ ಕಟ್ಟುವ 4,800 ರೂಪಾಯಿಯ ಕೇಬಲ್ ದುಬಾರಿ ಎನಿಸದೆ ಹೋಗಬಹುದು. ಕೇಬಲ್ಲಿನಲ್ಲಿ ಸ್ಟಾರ್ ಸ್ಪೋರ್ಟ್ಸ್‌ನ ಕನ್ನಡ ಚಾನೆಲ್ ಮಾತ್ರ ಉಳಿಸಿಕೊಂಡು, ನೋಡದ ಪ್ಯಾಕ್‌ಗಳನ್ನು ತೆಗೆಸಿ ಬಿಲ್ ಇಳಿಸುವುದೂ ಒಂದು ದಾರಿ. ಕೇಬಲ್ ಮತ್ತು ಇಂಟರ್ನೆಟ್ ಎರಡನ್ನೂ ಒಬ್ಬರೇ ಆಪರೇಟರ್ ಕೊಡುತ್ತಿದ್ದರೆ ಎರಡೂ ಸೇರಿದ ದರವನ್ನು ಕೇಳಿ ನೋಡಿ.

ಭಾರತ ತಂಡದ ಪಂದ್ಯಗಳಷ್ಟೇ ಸಾಕು ಎನ್ನುವವರಿಗೆ ಡಿಡಿ ಫ್ರೀ ಡಿಶ್ ಇದೆ. ಡಿಶ್ ಮತ್ತು ಬಾಕ್ಸ್‌ಗೆ ಒಮ್ಮೆ ಹಣ ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ. 2007ರ ಕಾಯ್ದೆಯೊಂದರ ಪ್ರಕಾರ ರಾಷ್ಟ್ರೀಯ ಮಹತ್ವದ ಕ್ರೀಡೆಗಳ ಪ್ರಸಾರವನ್ನು ಖಾಸಗಿಯವರು ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕು. ಭಾರತ ಪುರುಷರ ತಂಡದ ಏಕದಿನ ಮತ್ತು ಟಿ20 ಅಂತರರಾಷ್ಟ್ರೀಯ ಪಂದ್ಯಗಳು ಅದರಲ್ಲಿ ಸೇರಿವೆ. ಹೀಗೆ ಹಂಚಿಕೊಂಡ ಪ್ರಸಾರ ದೂರದರ್ಶನದ ಸ್ವಂತ ಜಾಲದಲ್ಲಿ ಮಾತ್ರ ಬರಬೇಕು, ಖಾಸಗಿ ಕೇಬಲ್ ಮತ್ತು ಡಿಟಿಎಚ್‌ಗಳಲ್ಲಿ ಅಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನಿಮ್ಮ ಕೇಬಲ್ಲಿನಲ್ಲಿ ದೂರದರ್ಶನದ ಚಾನೆಲ್ ಹಾಕಿದಾಗ ಪಂದ್ಯದ ಬದಲು ಬೇರೇನೋ ಬರುವುದು ಇದರಿಂದಲೇ. ಐಪಿಎಲ್ ಈ ಪಟ್ಟಿಯಲ್ಲಿಲ್ಲ. ಹಾಗಾಗಿ ಮಾವನವರಿಗೆ ಇದೊಂದೇ ಸಾಲದು, ಇಂಟರ್ನೆಟ್ ಕೈಕೊಟ್ಟ ದಿನಕ್ಕೆ ಜತೆಗಿದ್ದರೆ ಒಳ್ಳೆಯದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಕೇಬಲ್ಲನ್ನು ಎರಡು ತಿಂಗಳು ಹಾಗೆಯೇ ಇಟ್ಟುಕೊಂಡು, ಸ್ಟಿಕ್ಕನ್ನು ಯಾವುದಾದರೂ ಸರಣಿ ಶುರುವಾಗುವ ಮೊದಲೇ ಜೋಡಿಸಿ, ವರ್ಷದ ಬದಲು ಸಾಧ್ಯವಾದಷ್ಟು ಕಡಿಮೆ ಅವಧಿಯ ಚಂದಾ ಕಟ್ಟಿ ನೋಡುತ್ತಿದ್ದೆ. ಆ ದಿನಗಳಲ್ಲಿ ಇಂಟರ್ನೆಟ್ಟಿನಷ್ಟೇ ಗಮನ ಕೊಡಬೇಕಾದದ್ದು ರಿಮೋಟಿಗೆ. ಹಿರಿಯರು ಸೋಲುವುದು ಸಾಮಾನ್ಯವಾಗಿ ಪಂದ್ಯ ಹುಡುಕುವುದರಲ್ಲಿ ಅಲ್ಲ, ಟಿವಿಯ ಸೋರ್ಸ್ ಬಟನ್ ಒತ್ತಿ ಎಚ್‌ಡಿಎಂಐಗೆ ಬರುವುದರಲ್ಲಿ. ಟಿವಿಯ ಸೆಟ್ಟಿಂಗ್‌ನಲ್ಲಿ ಎಚ್‌ಡಿಎಂಐ ಸಿಇಸಿ ಎಂಬ ಆಯ್ಕೆಯನ್ನು ಆನ್ ಮಾಡಿದರೆ ಸ್ಟಿಕ್‌ನ ರಿಮೋಟ್ ಒತ್ತಿದ ಕೂಡಲೇ ಟಿವಿ ತಾನಾಗಿ ಆ ಪೋರ್ಟಿಗೆ ಬರುತ್ತದೆ. ಎಂಟು ವರ್ಷದ ಟಿವಿಗಳಲ್ಲೂ ಇದು ಹೆಚ್ಚಾಗಿ ಇರುತ್ತದೆ, ಕಂಪನಿಗಳು ತಮ್ಮದೇ ಹೆಸರಿಟ್ಟಿರುತ್ತವೆ. ಪಂದ್ಯ ತೆರೆದಾಗ ಭಾಷೆಯ ಆಯ್ಕೆಯಲ್ಲಿ ಕನ್ನಡವನ್ನು ಆರಿಸುವುದನ್ನು ಮಗ ಒಮ್ಮೆ ತೋರಿಸಿಕೊಡಲಿ. ಮಗ ಮನೆಯಲ್ಲಿಲ್ಲದ ಒಂದು ಸಂಜೆ ಮಾವನವರು ತಾವೇ ಟಿವಿ ಹಾಕಿ, ಪಂದ್ಯ ತೆರೆದು, ಕನ್ನಡಕ್ಕೆ ತಿರುಗಿಸಿಕೊಂಡು ನೋಡಿದರೆ ಮರುದಿನ ಕೇಬಲ್ ಆಪರೇಟರ್‌ಗೆ ತೆಗೆಯಲು ಹೇಳಿ. ಅಲ್ಲಿಯವರೆಗೆ ಕೇಬಲ್ ಇರಲಿ.